ಭೂದಾಖಲೆ ತಂತ್ರಾಂಶದ ನಿರ್ವಹಣೆ ಮತ್ತು ಉನ್ನತೀಕರಣ: ಮಧುಗಿರಿ ಉಪವಿಭಾಗ

ಭೂದಾಖಲೆ ತಂತ್ರಾಂಶದ ನಿರ್ವಹಣೆ ಮತ್ತು ಉನ್ನತೀಕರಣವೆಂದರೆ ಜಮೀನಿನ ಹಕ್ಕು, ವಿಸ್ತೀರ್ಣ, ಬೆಳೆ ಹಾಗೂ ಋಣಗಳನ್ನು ದಾಖಲಿಸುವ ಸರ್ಕಾರಿ ಗಣಕ ವ್ಯವಸ್ಥೆಯನ್ನು ಅದು ಬಳಕೆಗೆ ಬಂದ ದಿನದಿಂದ ಕೈಬಿಡುವ ದಿನದವರೆಗೆ ಸುಸ್ಥಿತಿಯಲ್ಲಿಡುವ, ಹಳತಾದ ಭಾಗಗಳನ್ನು ಕಾಲಕಾಲಕ್ಕೆ ಬದಲಿಸುವ, ಒಳಗಿರುವ ದಾಖಲೆಯನ್ನು ಮುಂದಿನ ವ್ಯವಸ್ಥೆಗೆ ಲೋಪವಿಲ್ಲದೆ ದಾಟಿಸುವ ಯೋಜಿತ ಕಾರ್ಯ. ಇದು ಸಂಸ್ಥಾ ತಂತ್ರಾಂಶ ನಿರ್ವಹಣೆಯ ಒಂದು ಶಾಖೆ. ದೊಡ್ಡ ಸಂಸ್ಥೆಯೊಂದರ ದಿನನಿತ್ಯದ ವ್ಯವಹಾರವನ್ನೆಲ್ಲ ಹೊತ್ತು ನಡೆಸುವ ತಂತ್ರಾಂಶಕ್ಕೆ ಸಂಸ್ಥಾ ತಂತ್ರಾಂಶ ಎಂದು ಹೆಸರು. ಕಾರ್ಖಾನೆಯ ಲೆಕ್ಕಪತ್ರ, ಬ್ಯಾಂಕಿನ ಖಾತೆ, ವಿದ್ಯುತ್ ಕಂಪನಿಯ ಬಿಲ್ಲು ಇಂಥವುಗಳ ಮೇಲೆ ನಡೆಯುತ್ತವೆ. ಕರ್ನಾಟಕದ ರೈತ ಕುಟುಂಬಗಳಿಗೆ ಇವುಗಳಲ್ಲಿ ಎಲ್ಲಕ್ಕಿಂತ ಹತ್ತಿರದ್ದು ಕಂದಾಯ ಇಲಾಖೆಯ ‘ಭೂಮಿ’.

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಾಧಿಕಾರಿ ಕಚೇರಿಯ ವ್ಯಾಪ್ತಿಯಲ್ಲಿ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಿವೆ. ಮಳೆಯಾಶ್ರಿತ ಶೇಂಗಾ, ರಾಗಿ ಬೆಳೆಯುವ, ಬರಕ್ಕೆ ಮತ್ತೆ ಮತ್ತೆ ತುತ್ತಾಗುವ ಈ ಸೀಮೆಯಲ್ಲಿ ಬೆಳೆ ಸಾಲ, ಬೆಳೆ ವಿಮೆ, ಬರ ಪರಿಹಾರ ಮೂರೂ ಪಹಣಿ ಎಂಬ ಹಕ್ಕುದಾಖಲೆಯನ್ನೇ ನೆಚ್ಚಿವೆ. ಬೆಂಗಳೂರಿನ ಸರ್ವರ್‌ನಲ್ಲಿ ಆಗುವ ಒಂದು ಬದಲಾವಣೆ ಮಿಡಿಗೇಶಿ, ಕಳ್ಳಂಬೆಳ್ಳ, ಹೊಳವನಹಳ್ಳಿ, ನಾಗಲಮಡಿಕೆಗಳ ನಾಡಕಚೇರಿಯ ಕಿಟಕಿಗೆ ಹೇಗೆ ತಲುಪುತ್ತದೆ ಎಂಬುದನ್ನು ಅರಿಯಲು ಈ ಉಪವಿಭಾಗ ಒಳ್ಳೆಯ ನಿದರ್ಶನ.

ಪರಿಭಾಷೆ

ಈ ಲೇಖನದಲ್ಲಿ ‘ನಿರ್ವಹಣೆ’ ಎಂದರೆ ಇರುವ ಆವೃತ್ತಿಯನ್ನೇ ಸರಿಯಾಗಿ ನಡೆಸುವುದು. ಸಣ್ಣ ದೋಷವನ್ನೋ ಭದ್ರತಾ ಬಿರುಕನ್ನೋ ಮುಚ್ಚಲು ಸೇರಿಸುವ ತುಣುಕಿಗೆ ‘ಪ್ಯಾಚ್’ ಎನ್ನುತ್ತಾರೆ. ಅದೇ ತಂತ್ರಾಂಶದ ಹೊಸ ಆವೃತ್ತಿಗೆ ಹೋಗುವುದು ‘ಉನ್ನತೀಕರಣ’. ಹಳೆಯದನ್ನು ಬಿಟ್ಟು ಹೊಸದಾಗಿ ಬರೆದ ವ್ಯವಸ್ಥೆಗೆ ಹೋಗುವುದು ‘ಬದಲಿ’. ಹಳೆಯ ದಾಖಲೆಯನ್ನು ಹೊಸದರೊಳಕ್ಕೆ ಸಾಗಿಸುವುದು ‘ದತ್ತಾಂಶ ವರ್ಗಾವಣೆ’. ತಯಾರಕರು ಪ್ಯಾಚ್ ಕೊಡುವುದನ್ನು ನಿಲ್ಲಿಸುವ ದಿನ ‘ಬೆಂಬಲದ ಕೊನೆ’. ಕಚೇರಿಯ ಆಡುಮಾತಿನಲ್ಲಿ ಈ ಎಲ್ಲವುಗಳ ಪರಿಣಾಮಕ್ಕೂ ಇರುವುದು ಒಂದೇ ಮಾತು: ‘ಸರ್ವರ್ ಇಲ್ಲ’. ಕಿಟಕಿಯ ಹೊರಗೆ ನಿಂತವರಿಗೆ ಯೋಜಿತ ಸ್ಥಗಿತಕ್ಕೂ ಆಕಸ್ಮಿಕ ಕೆಡುಕಿಗೂ ವ್ಯತ್ಯಾಸ ತಿಳಿಯದಿರುವುದರಿಂದ ಈ ಪದಗಳನ್ನು ಬೇರ್ಪಡಿಸಿ ಬಳಸುವುದು ಅಗತ್ಯ.

ಹುಟ್ಟು

ಕರ್ನಾಟಕ ಭೂಕಂದಾಯ ಕಾಯ್ದೆ, 1964 ಹಕ್ಕುದಾಖಲೆಗೆ ಆಧಾರ. ಅದರ 133ನೆಯ ಕಲಮಿನ ಪ್ರಕಾರ ಹಕ್ಕುದಾಖಲೆಯ ನಮೂದು ತಪ್ಪೆಂದು ಸಾಬೀತಾಗುವವರೆಗೆ ಸತ್ಯವೆಂದೇ ಭಾವಿಸಬೇಕು. ಹೀಗಾಗಿ ಪಹಣಿಯನ್ನು ಹೊತ್ತಿರುವ ತಂತ್ರಾಂಶದಲ್ಲಿ ಆಗುವ ತಪ್ಪು ಗಣಕದೊಳಗಷ್ಟೇ ಉಳಿಯುವುದಿಲ್ಲ, ಕಾನೂನಿನ ತೂಕ ಪಡೆಯುತ್ತದೆ. ಕಾಗದದ ಕಾಲದಲ್ಲಿ ಈ ದಾಖಲೆ ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು ತಮ್ಮ ವೃತ್ತದ ಪುಸ್ತಕಗಳನ್ನು ತಾವೇ ಬರೆದು ತಾವೇ ಕಾಯುತ್ತಿದ್ದರು.

ಕೇಂದ್ರ ಸರ್ಕಾರ 1988–89ರಲ್ಲಿ ಭೂದಾಖಲೆಗಳ ಗಣಕೀಕರಣ ಯೋಜನೆಯನ್ನು ಆರಂಭಿಸಿತು. ಕರ್ನಾಟಕದಲ್ಲಿ ಅದು ದಡ ಕಂಡದ್ದು 1990ರ ದಶಕದ ಕೊನೆಗೆ ರೂಪುಗೊಂಡ ‘ಭೂಮಿ’ ಯೋಜನೆಯಲ್ಲಿ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ನೇತೃತ್ವ ವಹಿಸಿದ್ದರು. ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಬರೆಯಿತು. ಸುಮಾರು 67 ಲಕ್ಷ ಭೂಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಗಣಕೀಕರಣ ಮುಗಿದಂತೆ ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು, 2002ರ ವೇಳೆಗೆ ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ 15 ರೂಪಾಯಿಗೆ ಸಿಗುವ ಮುದ್ರಿತ ಪ್ರತಿಯೇ ಅಧಿಕೃತವಾಯಿತು. ಕಾಗದಕ್ಕೆ ಮರಳುವ ದಾರಿ ಅಲ್ಲಿಗೆ ಮುಚ್ಚಿದ್ದರಿಂದ, ತಂತ್ರಾಂಶದ ನಿರ್ವಹಣೆ ಆಡಳಿತಕ್ಕೆ ತಪ್ಪಿಸಿಕೊಳ್ಳಲಾಗದ ಹೊಣೆಯಾದದ್ದೂ ಆಗಲೇ.

ರಚನೆ

ಮೊದಲ ಆವೃತ್ತಿಯಲ್ಲಿ ಪ್ರತಿ ತಾಲ್ಲೂಕಿಗೂ ತನ್ನದೇ ಸರ್ವರ್, ತನ್ನದೇ ದತ್ತಸಂಚಯ ಇತ್ತು. ಮಧುಗಿರಿಯ ದಾಖಲೆ ಮಧುಗಿರಿಯಲ್ಲಿ, ಪಾವಗಡದ್ದು ಪಾವಗಡದಲ್ಲಿ. ಮೈಕ್ರೋಸಾಫ್ಟ್ ವಿಂಡೋಸ್ ಮತ್ತು ಎಸ್‌ಕ್ಯುಎಲ್ ಸರ್ವರ್ ಮೇಲೆ ಇವು ನಡೆಯುತ್ತಿದ್ದವು. ನೌಕರರು ಬೆರಳಚ್ಚು ಕೊಟ್ಟು ಒಳಹೋಗಬೇಕಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಬರೆದದ್ದು ಅದರ ದೊಡ್ಡ ಸುಧಾರಣೆ. ಸರದಿ ತಪ್ಪಿಸಬೇಕಾದರೆ ಕಾರಣ ದಾಖಲಾಗಬೇಕಿತ್ತು.

ಚದುರಿದ ರಚನೆಗೆ ಒಂದು ಅನುಕೂಲವಿತ್ತು: ದೂರವಾಣಿ ತಂತಿ ಕಡಿದರೂ ತಾಲ್ಲೂಕು ಕೇಂದ್ರದಲ್ಲಿ ಪಹಣಿ ಸಿಗುತ್ತಿತ್ತು. ಬಹುಪಾಲು ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದ, ಜಿಲ್ಲಾ ಕೇಂದ್ರದಿಂದ ಸುಮಾರು 100 ಕಿ.ಮೀ. ದೂರದ ಪಾವಗಡಕ್ಕೆ ಇದು ಸಣ್ಣ ಮಾತಲ್ಲ. ನಿರ್ವಹಣೆಯ ದೃಷ್ಟಿಯಲ್ಲಿ ಮಾತ್ರ ಅದೇ ರಚನೆ ಭಾರವಾಯಿತು. ಒಂದು ಪ್ಯಾಚ್ ಹಾಕಬೇಕಾದರೆ ರಾಜ್ಯದ 170ಕ್ಕೂ ಹೆಚ್ಚು ತಾಲ್ಲೂಕುಗಳಲ್ಲಿ ಅದೇ ಕೆಲಸವನ್ನು ಬೇರೆ ಬೇರೆಯಾಗಿ ಮಾಡಬೇಕು. ಒಂದು ಕಚೇರಿ ಹಿಂದೆ ಬಿದ್ದರೂ ಅಲ್ಲಿಯ ಆವೃತ್ತಿ ಉಳಿದವುಗಳೊಡನೆ ಹೊಂದುವುದಿಲ್ಲ. ಬ್ಯಾಕಪ್ ತೆಗೆಯುವ ಹೊಣೆಯೂ ತಾಲ್ಲೂಕಿನದೇ.

ಮುಂದೆ ದತ್ತಸಂಚಯಗಳು ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದವು, ಕಚೇರಿಗಳನ್ನು ಕರ್ನಾಟಕ ರಾಜ್ಯ ವಿಸ್ತೃತ ಜಾಲ (ಕೆ-ಸ್ವಾನ್) ಜೋಡಿಸಿತು. ಬೆಂಗಳೂರಿನ ಭೂಮಿ ಉಸ್ತುವಾರಿ ಕೋಶ ಇದರ ಆಡಳಿತಾತ್ಮಕ ನೆಲೆ. ಪ್ಯಾಚ್ ಈಗ ಒಂದೇ ಕಡೆ, ಒಂದೇ ಸಲ. ಹಾಗೆಯೇ ಕೇಂದ್ರದ ಸರ್ವರ್ ನಿಂತರೆ ಬುಕ್ಕಾಪಟ್ಟಣದಿಂದ ವೈ.ಎನ್. ಹೊಸಕೋಟೆಯವರೆಗೆ ಎಲ್ಲ ಕಿಟಕಿಗಳೂ ಒಟ್ಟಿಗೇ ನಿಲ್ಲುತ್ತವೆ. ಅನುಕೂಲ ಮತ್ತು ಅಪಾಯ ಎರಡೂ ತಾಲ್ಲೂಕಿನಿಂದ ರಾಜಧಾನಿಗೆ ವರ್ಗವಾದವು.

‘ಭೂಮಿ’ ಒಂಟಿಯಾಗಿ ನಡೆಯುವುದಿಲ್ಲ. ಉಪನೋಂದಣಾಧಿಕಾರಿ ಕಚೇರಿಯ ‘ಕಾವೇರಿ’, ಭೂಮಾಪನ ಇಲಾಖೆಯ ‘ಮೋಜಿಣಿ’, ಬೆಳೆಹಾನಿಗೆ ಹಣ ಕೊಡುವ ‘ಪರಿಹಾರ’, ರೈತರ ಗುರುತಿನ ‘ಫ್ರೂಟ್ಸ್’ ಇವೆಲ್ಲ ಅದರಿಂದ ಮಾಹಿತಿ ಪಡೆಯುತ್ತವೆ ಅಥವಾ ಅದಕ್ಕೆ ಕಳುಹಿಸುತ್ತವೆ. ಜಮೀನಿನ ಒಂದು ಭಾಗ ಮಾರಾಟವಾಗುವಾಗ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಮೋಜಿಣಿಯಿಂದ ಬರುತ್ತದೆ, ನೋಂದಣಿ ಕಾವೇರಿಯಲ್ಲಿ ಆಗುತ್ತದೆ, ಖಾತೆ ಬದಲಾವಣೆ ಭೂಮಿಯಲ್ಲಿ ನಡೆಯುತ್ತದೆ. ಇವುಗಳಲ್ಲಿ ಯಾವುದನ್ನು ಉನ್ನತೀಕರಿಸಿದರೂ ಉಳಿದವುಗಳ ಕೊಂಡಿಯನ್ನು ಮತ್ತೆ ಪರೀಕ್ಷಿಸದೆ ಬಿಡುವಂತಿಲ್ಲ.

ನಿರ್ವಹಣೆಯ ಬಗೆಗಳು

ತಂತ್ರಾಂಶ ನಿರ್ವಹಣೆಯನ್ನು ಸರಿಪಡಿಸುವ, ಹೊಂದಿಸುವ ಮತ್ತು ಉತ್ತಮಪಡಿಸುವ ಎಂದು ಮೂರು ಬಗೆಯಾಗಿ ಮೊದಲು ವಿಂಗಡಿಸಿದವರು ಇ.ಬಿ. ಸ್ವಾನ್ಸನ್ (1976). ಮುಂಚಿತವಾಗಿ ತಡೆಯುವ ನಿರ್ವಹಣೆ ನಾಲ್ಕನೆಯದಾಗಿ ಆಮೇಲೆ ಸೇರಿತು. ಐಎಸ್‌ಒ/ಐಇಸಿ 14764 ಎಂಬ ಅಂತರರಾಷ್ಟ್ರೀಯ ಮಾನಕ ಈ ವಿಂಗಡಣೆಯ ಮೇಲೆ ನಿಂತಿದೆ.

ಸರಿಪಡಿಸುವ ನಿರ್ವಹಣೆ ಎಲ್ಲರ ಕಣ್ಣಿಗೆ ಬೀಳುವಂಥದ್ದು: ಮುದ್ರಣ ಬಾರದಿರುವುದು, ವಿಸ್ತೀರ್ಣದ ಮೊತ್ತ ತಪ್ಪುವುದು, ಅರ್ಜಿ ಒಂದು ಲಾಗಿನ್‌ನಿಂದ ಮುಂದಿನದಕ್ಕೆ ಹೋಗದೆ ಸಿಕ್ಕಿಕೊಳ್ಳುವುದು. ಇಲ್ಲಿ ಒಂದು ಭೇದವನ್ನು ಕಾಯ್ದುಕೊಳ್ಳಬೇಕು. ತಂತ್ರಾಂಶದ ದೋಷ ಬೇರೆ, ದಾಖಲೆಯ ದೋಷ ಬೇರೆ. ಮೊದಲನೆಯದನ್ನು ಎಂಜಿನಿಯರು ತಿದ್ದಬಹುದು. ಪಹಣಿಯಲ್ಲಿರುವ ಹೆಸರನ್ನೋ ಗುಂಟೆಯನ್ನೋ ತಿದ್ದುವ ಅಧಿಕಾರ ಕಾಯ್ದೆ ಹೆಸರಿಸಿದ ಕಂದಾಯ ಅಧಿಕಾರಿಗೆ ಮಾತ್ರ ಇದೆ, ಅದೂ ಆದೇಶದ ಮೂಲಕ. ದತ್ತಸಂಚಯಕ್ಕೆ ನೇರವಾಗಿ ಕೈಹಾಕಿ ದಾಖಲೆ ತಿದ್ದುವುದು ಎಷ್ಟೇ ಸಣ್ಣದಾದರೂ ನಿರ್ವಹಣೆಯ ವ್ಯಾಪ್ತಿಗೆ ಬರುವುದಿಲ್ಲ.

ಹೊಂದಿಸುವ ನಿರ್ವಹಣೆಗೆ ಕಂದಾಯ ಆಡಳಿತದಲ್ಲಿ ಕೊನೆಯೇ ಇಲ್ಲ. ಕಾನೂನು ಬದಲಾದಾಗಲೆಲ್ಲ ತಂತ್ರಾಂಶವೂ ಬದಲಾಗಬೇಕು. 2020ರ ಭೂಸುಧಾರಣೆ ತಿದ್ದುಪಡಿ ಕಾಯ್ದೆ 79ಎ ಮತ್ತು 79ಬಿ ಕಲಮುಗಳನ್ನು ರದ್ದುಪಡಿಸಿದಾಗ, ಕೃಷಿ ಜಮೀನು ಕೊಳ್ಳುವವರ ಆದಾಯ ಮತ್ತು ಕೃಷಿಕ ಹಿನ್ನೆಲೆಯನ್ನು ತಡೆದು ನೋಡುವ ಹಂತಕ್ಕೆ ಕಾನೂನಿನ ಬುಡವೇ ಇಲ್ಲವಾಯಿತು. 2014ರ ನವೆಂಬರ್ 1ರಂದು ಜಿಲ್ಲಾ ಕೇಂದ್ರದ ಇಂಗ್ಲಿಷ್ ಹೆಸರು ‘ತುಮ್ಕೂರ್’ ಹೋಗಿ ‘ತುಮಕೂರು’ ಆದದ್ದು ಇನ್ನೊಂದು ಬಗೆಯ ನಿದರ್ಶನ. ಕನ್ನಡದ ನಮೂದಿನಲ್ಲಿ ಒಂದಕ್ಷರವೂ ಕದಲಲಿಲ್ಲ. ಆದರೆ ಇಂಗ್ಲಿಷ್ ಹೆಸರನ್ನೇ ಗುರುತಾಗಿ ಇಟ್ಟುಕೊಂಡ ಎಲ್ಲ ತಂತ್ರಾಂಶಕ್ಕೂ ಅದು ಕೆಲಸ ಹಚ್ಚಿತು. ಊರಿನ ಗುರುತಿಗೆ ಹೆಸರಿನ ಬದಲು ಸಂಕೇತ ಸಂಖ್ಯೆ ಇಡುವುದು ಉತ್ತಮ ರೂಢಿ ಎನ್ನುವುದು ಇದೇ ಕಾರಣಕ್ಕೆ.

ಆನ್‌ಲೈನ್ ಪಹಣಿ, ಮನೆಯಿಂದಲೇ ಅರ್ಜಿಯ ಸ್ಥಿತಿ ನೋಡುವ ಸೌಲಭ್ಯ ಮುಂತಾದವು ಉತ್ತಮಪಡಿಸುವ ನಿರ್ವಹಣೆಗೆ ಸೇರಿದವು. ತಡೆಯುವ ನಿರ್ವಹಣೆಯಲ್ಲಿ ಬ್ಯಾಕಪ್ಪಿನಿಂದ ದತ್ತಾಂಶವನ್ನು ನಿಜಕ್ಕೂ ಹಿಂಪಡೆಯಲಾಗುತ್ತದೆಯೇ ಎಂದು ನಿಗದಿತ ಅವಧಿಗೊಮ್ಮೆ ನೋಡುವುದೇ ಮುಖ್ಯ. ಬ್ಯಾಕಪ್ ತೆಗೆದು ಅದನ್ನು ಒಮ್ಮೆಯೂ ತೆರೆದು ನೋಡದಿದ್ದರೆ, ಅದು ಇದೆ ಎಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಬೆಂಬಲದ ಅವಧಿ

ಆಡಳಿತ ತಂತ್ರಾಂಶ ತನ್ನ ಕೆಳಗಿರುವ ಕಾರ್ಯನಿರ್ವಹಣ ವ್ಯವಸ್ಥೆ, ದತ್ತಸಂಚಯ ತಂತ್ರಾಂಶ, ಬ್ರೌಸರುಗಳ ಮೇಲೆ ನಿಂತಿರುತ್ತದೆ. ಅವುಗಳ ಆಯುಷ್ಯವನ್ನು ತಯಾರಕರು ಮೊದಲೇ ಪ್ರಕಟಿಸುತ್ತಾರೆ. ವಿಂಡೋಸ್ 2000ಕ್ಕೆ 2010ರ ಜುಲೈ 13ರಂದು, ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಕೊನೆಗೊಂಡಿತು. ಎಸ್‌ಕ್ಯುಎಲ್ ಸರ್ವರ್ 2000ದ ವಿಸ್ತೃತ ಬೆಂಬಲ 2013ರ ಏಪ್ರಿಲ್‌ನಲ್ಲಿ, 2005ರದು 2016ರ ಏಪ್ರಿಲ್‌ನಲ್ಲಿ ಮುಗಿಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ಅನ್ನು 2022ರ ಜೂನ್ 15ರಂದು ನಿವೃತ್ತಗೊಳಿಸಲಾಯಿತು. ಖಾಸಗಿ ವಲಯದಲ್ಲೂ ಇದೇ ಕ್ರಮ: ಹಲವು ದೊಡ್ಡ ಕಂಪನಿಗಳು ಬಳಸುವ ಸ್ಯಾಪ್ ಇಸಿಸಿ 6ರ ಮುಖ್ಯ ನಿರ್ವಹಣೆಗೆ 2027ರ ಅಂತ್ಯದ ಗಡುವಿದೆ.

ಈ ದಿನಾಂಕಗಳು ಮೊದಲೇ ಗೊತ್ತಿರುವುದರಿಂದ ಉನ್ನತೀಕರಣ ಯೋಜನೆಯನ್ನು ಕೊನೆಯಿಂದ ಹಿಂದಕ್ಕೆ ಎಣಿಸಿ ಸಿದ್ಧಪಡಿಸುವುದು ಕ್ರಮ. ಬೆಂಬಲದ ಕೊನೆಯ ದಿನವನ್ನು ಗುರುತಿಟ್ಟು, ಅದಕ್ಕಿಂತ ಮೊದಲು ಪರೀಕ್ಷೆಗೆ, ಅದಕ್ಕೂ ಮೊದಲು ಖರೀದಿಗೆ, ಎಲ್ಲಕ್ಕಿಂತ ಮೊದಲು ಆಯವ್ಯಯದ ಅನುಮೋದನೆಗೆ ಕಾಲ ಬಿಡಬೇಕು. ಸರ್ಕಾರಿ ಖರೀದಿ ಟೆಂಡರ್ ಮೂಲಕ ಆಗುವುದರಿಂದ ಈ ಎರಡನೆಯ ಹಂತವೇ ಹೆಚ್ಚಾಗಿ ಉದ್ದವಾಗುತ್ತದೆ. ಹೋಬಳಿ ಮಟ್ಟದಲ್ಲಿ ಇನ್ನೊಂದು ತೊಡಕಿದೆ. ವಿಂಡೋಸ್ 11 ಕೇಳುವ ಯಂತ್ರಾಂಶ ಹಳೆಯ ಗಣಕಗಳಲ್ಲಿ ಇರದು. ಆದ್ದರಿಂದ ತಂತ್ರಾಂಶದ ಬದಲಾವಣೆ ಗಣಕ, ಪ್ರಿಂಟರ್, ಬೆರಳಚ್ಚು ಯಂತ್ರಗಳ ಬದಲಾವಣೆಯನ್ನೂ ಎಳೆದು ತರುತ್ತದೆ.

ಉನ್ನತೀಕರಣದ ವಿಧಾನಗಳು

ಒಂದೇ ದಿನ ಎಲ್ಲ ಕಡೆ ಬದಲಿಸುವುದು, ಹಂತಹಂತವಾಗಿ ಬದಲಿಸುವುದು, ಹಳೆಯದು ಮತ್ತು ಹೊಸದನ್ನು ಕೆಲಕಾಲ ಜೊತೆಯಾಗಿ ನಡೆಸುವುದು ಎಂದು ಮೂರು ವಿಧಾನಗಳಿವೆ. ಹಕ್ಕುದಾಖಲೆಗೆ ಮೂರನೆಯದು ಹೊಂದುವುದಿಲ್ಲ. ಒಂದು ಸರ್ವೆ ನಂಬರಿಗೆ ಏಕಕಾಲಕ್ಕೆ ಎರಡು ಅಧಿಕೃತ ಪಹಣಿ ಇರುವಂತಿಲ್ಲ.

ಹಂತದ ವಿಧಾನಕ್ಕೆ ‘ಕಾವೇರಿ 2.0’ ಸ್ಪಷ್ಟ ಉದಾಹರಣೆ. ಮುದ್ರಾಂಕ ಮತ್ತು ನೋಂದಣಿ ಇಲಾಖೆಯ ಮೊದಲ ಕಾವೇರಿ ತಂತ್ರಾಂಶವನ್ನು ಸರ್ಕಾರಿ ಗಣಕ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್ ರೂಪಿಸಿತ್ತು. 2003ರಿಂದ ಅದು ಬಳಕೆಯಲ್ಲಿತ್ತು. ಅದಕ್ಕೆ ಬದಲಿಯಾಗಿ ಬಂದ 2.0 ಆವೃತ್ತಿಯನ್ನು 2023ರಲ್ಲಿ ಮೊದಲು ಕಲಬುರಗಿ ಜಿಲ್ಲೆಯ ಚಿಂಚೋಳಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪ್ರಯೋಗಿಸಿ, ಬಳಿಕ ರಾಜ್ಯದ ಉಳಿದ ಕಚೇರಿಗಳಿಗೆ ವಿಸ್ತರಿಸಲಾಯಿತು. ಮಧುಗಿರಿ ಉಪವಿಭಾಗದ ನಾಲ್ಕೂ ತಾಲ್ಲೂಕು ಕೇಂದ್ರಗಳ ನೋಂದಣಿ ಇಂದು ನಡೆಯುವುದು ಈ ಆವೃತ್ತಿಯಲ್ಲೇ. ಪಕ್ಷಗಾರರು ವಿವರಗಳನ್ನು ಮುಂಚೆಯೇ ಆನ್‌ಲೈನ್‌ನಲ್ಲಿ ತುಂಬಿ, ಶುಲ್ಕ ಕಟ್ಟಿ, ಸಮಯ ಗೊತ್ತುಪಡಿಸಿಕೊಂಡು ಕಚೇರಿಗೆ ಹೋಗುತ್ತಾರೆ. ಹಿಂದೆ ಕಚೇರಿಯೊಳಗೆ ಆಗುತ್ತಿದ್ದ ಅಕ್ಷರ ಜೋಡಣೆಯ ಕೆಲಸದ ಬಹುಪಾಲು ಹೀಗೆ ಪತ್ರಬರಹಗಾರರ ಮತ್ತು ಸೈಬರ್ ಅಂಗಡಿಗಳ ಪಾಲಾಯಿತು. ಆದ್ದರಿಂದ ಹೊಸ ಆವೃತ್ತಿಯ ತರಬೇತಿ ನೌಕರರಿಗೆ ಮಾತ್ರ ಕೊಟ್ಟರೆ ಸಾಲದು.

ಪೂರ್ವಸೂಚನೆಯ ಸ್ಥಗಿತಕ್ಕೆ ವಿದ್ಯುತ್ ಸರಬರಾಜು ಕಂಪನಿಗಳು ನಿದರ್ಶನ ಒದಗಿಸುತ್ತವೆ. 2024ರ ಮಾರ್ಚ್‌ನಲ್ಲಿ ತಂತ್ರಾಂಶ ಉನ್ನತೀಕರಣಕ್ಕಾಗಿ ಅವು ನಗರ ಪ್ರದೇಶಗಳ ಆನ್‌ಲೈನ್ ಸೇವೆಯನ್ನು ಕೆಲದಿನ ನಿಲ್ಲಿಸುವುದಾಗಿ ಗ್ರಾಹಕರಿಗೆ ಮೊದಲೇ ತಿಳಿಸಿದ್ದವು.

ದತ್ತಾಂಶ ವರ್ಗಾವಣೆ

ಉನ್ನತೀಕರಣದ ಅತ್ಯಂತ ಕಠಿಣ ಭಾಗ ಇದು. ತಂತ್ರಾಂಶ ಐದೋ ಹತ್ತೋ ವರ್ಷಕ್ಕೆ ಹಳತಾಗುತ್ತದೆ, ಹಕ್ಕುದಾಖಲೆ ತಲೆಮಾರುಗಳನ್ನು ದಾಟಬೇಕು.

ಮೊದಲ ತೊಡಕು ಲಿಪಿಯದು. ಭಾರತೀಯ ಲಿಪಿಗಳಿಗೆ 1991ರಲ್ಲಿ ಇಸ್ಕಿ ಮಾನಕ (ಐಎಸ್ 13194) ಬಂತು. ಅದೇ ವರ್ಷದ ಯೂನಿಕೋಡ್ ಮೊದಲ ಆವೃತ್ತಿಯಲ್ಲೂ ಕನ್ನಡಕ್ಕೆ ಸ್ಥಾನವಿತ್ತು. ಆದರೂ 2000ದ ಆಸುಪಾಸಿನ ಕಚೇರಿ ಬಳಕೆಯಲ್ಲಿ ಫಾಂಟಿಗೆ ಅಂಟಿಕೊಂಡ 8 ಬಿಟ್ ಸಂಕೇತಗಳೇ ಹೆಚ್ಚಾಗಿದ್ದವು. ಅಂಥ ಕಡತವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯೂನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವೊತ್ತು, ದೀರ್ಘದ ಚಿಹ್ನೆಗಳು ಸ್ಥಳ ತಪ್ಪುವುದು ಸಾಮಾನ್ಯ ದೋಷ. ವ್ಯಕ್ತಿನಾಮಕ್ಕೆ ನಿಘಂಟಿನ ನೆರವು ಸಿಗುವುದಿಲ್ಲ, ಯಂತ್ರ ತಪ್ಪಿದ್ದನ್ನು ಮನುಷ್ಯರೇ ಓದಿ ಹಿಡಿಯಬೇಕು. ತೆಲುಗು ಮಾತನಾಡುವ ಕುಟುಂಬಗಳು ಬಹಳವಿರುವ ಪಾವಗಡದಂಥ ಗಡಿ ತಾಲ್ಲೂಕಿನಲ್ಲಿ ಒಂದೇ ಹೆಸರನ್ನು ಎರಡು ಬಗೆಯಾಗಿ ಬರೆದಿರುವ ಸಾಧ್ಯತೆ ಇನ್ನೂ ಹೆಚ್ಚು. ಪಹಣಿಗೆ ಆಧಾರ್ ಜೋಡಿಸುವ ಕೆಲಸದಲ್ಲಿ ಇಂಥ ಕಾಗುಣಿತದ ವ್ಯತ್ಯಾಸವೇ ಅಡ್ಡ ಬರುತ್ತದೆ.

ಎರಡನೆಯದು ಅಂಕಿಗಳದು. ಜಮೀನಿನ ಗುರುತು ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಎಂಬ ಮೂರು ಭಾಗಗಳಲ್ಲಿ ಇರುತ್ತದೆ. ಸರ್ನೋಕ್ ಸ್ಥಾನದಲ್ಲಿ ನಕ್ಷತ್ರ ಚಿಹ್ನೆ ಇರುವುದೇ ಹೆಚ್ಚು. ಅದನ್ನು ಖಾಲಿ ಜಾಗವೆಂದು ಭಾವಿಸಿ ಅಳಿಸಿದರೆ ಗುರುತೇ ಕೆಡುತ್ತದೆ. ವಿಸ್ತೀರ್ಣ ಎಕರೆ, ಗುಂಟೆಗಳಲ್ಲಿದೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ದಶಮಾಂಶ ಲೆಕ್ಕದ ಹೊಸ ತಂತ್ರಾಂಶದಲ್ಲಿ ‘2.20’ ಎಂಬುದನ್ನು ಎರಡೂವರೆ ಎಕರೆ ಎಂದು ಓದಿಸಲು ವಿಶೇಷ ನಿಯಮ ಬೇಕು. ಭೂಮಾಪನದ ಆಕಾರಬಂದ್ ತೋರಿಸುವ ವಿಸ್ತೀರ್ಣಕ್ಕೂ ಪಹಣಿಯ 9ನೆಯ ಕಲಮಿನಲ್ಲಿರುವ ಹಿಡುವಳಿದಾರರ ಒಟ್ಟು ವಿಸ್ತೀರ್ಣಕ್ಕೂ ತಾಳೆಯಾಗದ ಪ್ರಕರಣಗಳು ಕಾಗದದ ಕಾಲದಿಂದಲೇ ಬಂದಿವೆ. ವರ್ಗಾವಣೆಯ ಸಂದರ್ಭದಲ್ಲಿ ಅವುಗಳನ್ನು ಪಟ್ಟಿಮಾಡಿ ಕಂದಾಯ ಅಧಿಕಾರಿಯ ಮುಂದಿಡಬೇಕು; ತಂತ್ರಾಂಶವೇ ಒಂದನ್ನು ಆಯ್ದು ಸರಿಯೆಂದು ತೀರ್ಮಾನಿಸುವಂತಿಲ್ಲ.

ವೇಳಾಪಟ್ಟಿ

ಸ್ಥಗಿತದ ದಿನ ಗೊತ್ತುಮಾಡುವಾಗ ಎಂಜಿನಿಯರುಗಳ ಅನುಕೂಲಕ್ಕಿಂತ ಸೀಮೆಯ ವರ್ಷಚಕ್ರ ಮೊದಲು ಬರುತ್ತದೆ. ಮೇ, ಜೂನ್ ತಿಂಗಳಲ್ಲಿ ಶಾಲಾ ಕಾಲೇಜು ದಾಖಲಾತಿಗಾಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಗಳಲ್ಲಿ ಜನ ಸೇರುತ್ತಾರೆ. ಜೂನ್, ಜುಲೈ ಶೇಂಗಾ ಬಿತ್ತನೆಯ ಕಾಲ, ಬೆಳೆ ಸಾಲದ ಕಾಲವೂ ಹೌದು. ಮುಂಗಾರು ಬೆಳೆ ವಿಮೆಯ ಗಡುವು ಸಾಮಾನ್ಯವಾಗಿ ಜುಲೈ 31. ಮಾರ್ಚ್ ಆರ್ಥಿಕ ವರ್ಷದ ಕೊನೆ. ಮಾರ್ಗಸೂಚಿ ದರ ಏರುವ ಮುನ್ನ ನೋಂದಣಿಗೆ ನೂಕುನುಗ್ಗಲಾಗುತ್ತದೆ. 2023ರ ಅಕ್ಟೋಬರ್ 1ರಿಂದ ಹೊಸ ದರ ಜಾರಿಯಾದದ್ದು ಕಾವೇರಿ 2.0 ಬಂದ ವರ್ಷದಲ್ಲೇ. ಇವನ್ನೆಲ್ಲ ಕಳೆದರೆ ದೊಡ್ಡ ಬದಲಾವಣೆಗೆ ಉಳಿಯುವ ಅವಧಿ ಕಿರಿದು. ಸಣ್ಣ ಪ್ಯಾಚುಗಳನ್ನು ರಾತ್ರಿಯಲ್ಲಿ, ದೊಡ್ಡವನ್ನು ಎರಡನೆಯ ಶನಿವಾರ ಮತ್ತು ಭಾನುವಾರ ಸೇರಿ ಬರುವ ರಜೆಯಲ್ಲಿ ಮಾಡುವುದು ಸೂಕ್ತ.

ಸೇವೆ ನಿಂತ ದಿನಗಳಿಗೆ ಕಾನೂನಿನ ಲೆಕ್ಕವೂ ಉಂಟು. 2011ರ ನಾಗರಿಕ ಸೇವೆಗಳ ಖಾತರಿ ಕಾಯ್ದೆಯಡಿ 2012ರಲ್ಲಿ ಆರಂಭವಾದ ‘ಸಕಾಲ’ ಪ್ರತಿ ಸೇವೆಗೂ ಗಡುವು ವಿಧಿಸುತ್ತದೆ. ಉನ್ನತೀಕರಣ ಯೋಜನೆಯಲ್ಲಿ ಈ ಗಡುವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ತಂತ್ರಾಂಶದ ವಿಳಂಬ ಕೆಳಹಂತದ ನೌಕರರ ವಿಳಂಬವಾಗಿ ದಾಖಲಾಗುತ್ತದೆ.

ಬಳಕೆ

ಇದೇ ಕ್ರಮ ಉಪವಿಭಾಗದ ಇತರ ಸಂಸ್ಥೆಗಳಿಗೂ ಅನ್ವಯಿಸುತ್ತದೆ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದಾಗ ಗ್ರಾಹಕರ ಖಾತೆಗಳು ಹೊಸ ವ್ಯವಸ್ಥೆಗೆ ದಾಟಬೇಕಾಯಿತು. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು ಸಮಾನ ತಂತ್ರಾಂಶಕ್ಕೆ ತರುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ದೇಶದ 63,000 ಸಂಘಗಳಿಗೆ 2,516 ಕೋಟಿ ರೂಪಾಯಿ ಅದರ ಆಗಿನ ಅಂದಾಜು. ದಪ್ಪ ರಟ್ಟಿನ ಲೆಜರುಗಳಿಂದ ನೇರವಾಗಿ ಸಂಸ್ಥಾ ತಂತ್ರಾಂಶಕ್ಕೆ ಬರುವ ಈ ಸಂಘಗಳಿಗೆ ಅಳವಡಿಕೆಯ ವೆಚ್ಚದ ಜೊತೆಗೆ ಮುಂದಿನ ವರ್ಷಗಳ ನಿರ್ವಹಣೆಯ ವೆಚ್ಚವೂ ಹೊಸದು.

ಇಂದಿನ ಸ್ಥಿತಿ

ತಾಲ್ಲೂಕು ಕೇಂದ್ರಕ್ಕೆ ಸೀಮಿತವಾಗಿದ್ದ ಪಹಣಿ ವಿತರಣೆ ನೆಮ್ಮದಿ ಕೇಂದ್ರಗಳ ಮೂಲಕ ಹೋಬಳಿಗೆ ಇಳಿಯಿತು, 2012ರ ಡಿಸೆಂಬರ್‌ನಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಆರಂಭವಾದವು, ಈಗ ಫೋನಿನಲ್ಲೂ ಪಹಣಿ ಸಿಗುತ್ತದೆ. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಯ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಯೋಜನೆ ರಾಜ್ಯದಾದ್ಯಂತ ನಡೆದಿದೆ. ಗಣಕದ ನಮೂದು ವಿವಾದಕ್ಕೊಳಗಾದಾಗ ಮೂಲ ಕೈಬರಹವನ್ನು ಕೂಡಲೇ ಹೋಲಿಸಿ ನೋಡಲು ಇದರಿಂದ ಸಾಧ್ಯವಾಗುತ್ತದೆ. ಭದ್ರತೆಯ ಹೊಣೆ ಹೆಚ್ಚಿದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು. 2025ರ ಆರಂಭದಲ್ಲಿ ಕಾವೇರಿ 2.0 ಮೇಲೆ ನಕಲಿ ಕೋರಿಕೆಗಳ ದಾಳಿ ನಡೆದು ರಾಜ್ಯದ ನೋಂದಣಿ ಕೆಲಸಕ್ಕೆ ಅಡ್ಡಿಯಾಯಿತು. ಒಂದೇ ಕೇಂದ್ರವನ್ನು ನೆಚ್ಚಿದ ರಚನೆಗೆ ಪರ್ಯಾಯ ದಾರಿ ಇರಲೇಬೇಕೆಂಬುದನ್ನು ಆ ಘಟನೆ ತೋರಿಸಿಕೊಟ್ಟಿತು.

ತಂತ್ರಾಂಶಕ್ಕಿಂತ ದಾಖಲೆ ಎಷ್ಟು ದೀರ್ಘಕಾಲ ಬಾಳಬೇಕೆಂಬುದಕ್ಕೆ ಉಪವಿಭಾಗದಲ್ಲೇ ಒಂದು ನಿದರ್ಶನವಿದೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳಲ್ಲಿ 2,050 ಮೆಗಾವಾಟ್ ಸೌರ ಉದ್ಯಾನವಿದೆ. ಅದಕ್ಕಾಗಿ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುವ ಕರಾರಿನಲ್ಲಿ 28 ವರ್ಷಕ್ಕೆ ಗುತ್ತಿಗೆ ಪಡೆಯಲಾಗಿದೆ. ಜಮೀನಿನ ಮೇಲಿನ ಇಂಥ ಹಕ್ಕು, ಋಣಗಳಿಗೆ ಪಹಣಿಯಲ್ಲಿರುವ ಸ್ಥಾನ 11ನೆಯ ಕಲಮು. ವಿಂಡೋಸಿನ ಒಂದು ಆವೃತ್ತಿಗೆ ಸಿಗುವ ಬೆಂಬಲ ಸುಮಾರು 10 ವರ್ಷ. ಗುತ್ತಿಗೆ ಮುಗಿದು ಜಮೀನು ರೈತರ ಕೈಗೆ ಮರಳುವ 2040ರ ದಶಕದೊಳಗೆ ಪಾವಗಡದ ಪಹಣಿ ಕನಿಷ್ಠ ಎರಡು ಬಾರಿ ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದಾಟಬೇಕಾಗುತ್ತದೆ.